ಸಾಣಾಪುರ ಕೆರೆಯಲ್ಲಿ ಹರಿಗೋಲು: ವೀಲ್‌ಚೇರ್‌ನಲ್ಲಿ ಬರುವವರನ್ನು ಹತ್ತಿಸೋದು ಹೇಗೆ, ಇಳಿಸೋದು ಹೇಗೆ?

ಗಾಲಿ_ಗಂಗಾವತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ವಿಕಲಚೇತನರ ಸಂಘದಿಂದ ಡಿಸೆಂಬರ್ ಕೊನೆ ವಾರ ಒಂದು ದಿನದ ಪ್ರವಾಸ ಇಟ್ಟುಕೊಂಡಿದ್ದೇವೆ. ಗಂಗಾವತಿಯಿಂದ ಟೆಂಪೊ ಟ್ರಾವೆಲರ್‌ನಲ್ಲಿ ಹೊರಟು ಆನೆಗೊಂದಿ, ಅಲ್ಲಿಂದ ಸಾಣಾಪುರ ಕೆರೆ. ಒಟ್ಟು ಹನ್ನೊಂದು ಜನ. ಅದರಲ್ಲಿ ಇಬ್ಬರಿಗೆ ಬೆನ್ನುಹುರಿ ಪೆಟ್ಟು: ಒಬ್ಬರಿಗೆ ಟಿ-10 (ಟಿ ಅಂದರೆ ಎದೆಭಾಗದ ಬೆನ್ನೆಲುಬು, ಅಂಕಿ ಚಿಕ್ಕದಾದಷ್ಟೂ ಪೆಟ್ಟು ಮೇಲೆ), ಕೈ ಗಟ್ಟಿ ಇದೆ, ಇನ್ನೊಬ್ಬರಿಗೆ ಟಿ-4, ಒರಗಿಕೊಳ್ಳದೆ ಕೂರಲಾಗದು. ಒಬ್ಬರಿಗೆ ಪೋಲಿಯೊ, ಎರಡೂ ಕಾಲಿಗೆ ಕ್ಯಾಲಿಪರ್ (ಕಾಲಿಗೆ ಕಟ್ಟುವ ಕಬ್ಬಿಣದ ಆಧಾರ), ಊರುಗೋಲು. ಒಬ್ಬರಿಗೆ ಕಣ್ಣು ಪೂರ್ತಿ ಕಾಣುವುದಿಲ್ಲ, ಒಬ್ಬರಿಗೆ ಕಿವಿ ಕೇಳುವುದಿಲ್ಲ. ಉಳಿದವರು ನಿಧಾನಕ್ಕೆ ನಡೆಯುತ್ತಾರೆ.

ಇವರೆಲ್ಲ ದಡದಲ್ಲಿ ಕೂತು ಬೇರೆಯವರು ನೀರಿನಲ್ಲಿ ಹೋಗೋದನ್ನ ನೋಡಿ ಬಂದರೆ ಪ್ರವಾಸ ಮಾಡಿದ ಹಾಗಾಗಲ್ಲ. ಹಾಗಾಗಿ ಕೇಳುತ್ತಿದ್ದೇನೆ. ವೀಲ್‌ಚೇರ್ ಸಮೇತ ಹರಿಗೋಲಿಗೆ ಹತ್ತಿಸಬಹುದಾ? ಕುರ್ಚಿಗೆ ಬೆಲ್ಟ್ ಕಟ್ಟಿ, ಕುರ್ಚಿಯನ್ನು ಹರಿಗೋಲಿಗೆ ಕಟ್ಟಿದರೆ ಆಯಿತು ಅಂತ ಒಬ್ಬರು ಹೇಳಿದರು. ಸರಿನಾ? ಜಾಕೆಟ್ ಎಂಥದ್ದು ಬೇಕು? ಮುಂದೆ ಇಂಥ ಕೆರೆಗಳಲ್ಲಿ ಸರಿಯಾದ ಕಟ್ಟೆ ಮಾಡಿಸಲು ಮನವಿ ಕೊಡಬೇಕೆಂದಿದ್ದೇವೆ, ಅದರಲ್ಲಿ ಏನು ಬರೆಯಬೇಕು ಅನ್ನೋದನ್ನೂ ತಿಳಿದವರು ಹೇಳಿ.

---

ಹುಟ್ಟು ಉತ್ತರ:

ವೀಲ್‌ಚೇರ್ ಹರಗೋಲದಾಗ ಏರಸಬ್ಯಾಡ್ರಿ. ಕಟ್ಟೋದಂತೂ ಬ್ಯಾಡ ಅಂದ್ರ ಬ್ಯಾಡ. ಹರಗೋಲ ಮಗುಚಿದ್ರ ಕುರ್ಚಿ ತಳಕ್ಕ ಹೋಗತೈತಿ, ಕಟ್ಟಿದ ಮನಷ್ಯಾನೂ ಅದರ ಸಂಗ್ತೀನ ಹೋಗ್ತಾನ. ಜಾಕೆಟ್ ಹಾಕಿದ್ರೂ ಉಪಯೋಗ ಇಲ್ಲ.

ಮಗುಚದಿದ್ರೂ ತಳ ತಡಿಯಂಗಿಲ್ಲ. ಹರಗೋಲ ಅಂದ್ರ ಬಿದಿರಿನ ದಬ್ಬಿ ಹೆಣೆದ ಬುಟ್ಟಿ, ಹೊರಗ ತಾಡಪಾಲ, ಅದರ ಮ್ಯಾಲ ಡಾಂಬರು. ಹಿಂದಕ ತಾಡಪಾಲಿನ ಜಾಗಾದಾಗ ಚರ್ಮ ಇರ್ತಿತ್ತು. ಮನಷ್ಯಾ ನೆಲಕ್ಕ ಕುಂತ್ರ ಭಾರ ಹತ್ತು ದಬ್ಬಿ ಮ್ಯಾಲ ಹರಡತೈತಿ. ವೀಲ್‌ಚೇರಿನ ಮುಂದಿನ ಸಣ್ಣ ಗಾಲಿ ಎರಡು ಬಟ್ಟು ಅಗಲ ಇರತೈತಿ, ಅದು ದಬ್ಬಿ ನಡುವ ಸಿಕ್ಕೊಂಡು ಒತ್ತತೈತಿ. ದಬ್ಬಿ ಮುರಿದ್ರ ಅದರ ಸೀಳು ಒಳಗಿಂದ ತಾಡಪಾಲಕ್ಕ ಚುಚ್ಚತೈತಿ, ನೀರು ಎಲ್ಲಿಂದ ಬರಾಕತ್ತೈತಿ ಅನ್ನೂದು ಸಟಕ್ನ ಗೊತ್ತಾಗಂಗಿಲ್ಲ. ಫೈಬರ್ ಹರಗೋಲಕ್ಕ ಹಿಂಗ ತೂತು ಬೀಳಂಗಿಲ್ಲ, ಆದ್ರ ಅದೂ ದುಂಡಗ, ಅದೂ ಅಲುಗತೈತಿ. ಕುರ್ಚಿ ಮ್ಯಾಲ ಕುಂತ್ರ ಭಾರ ಎಲ್ಲಾ ಮ್ಯಾಲ ಇರತೈತಿ, ನೆಲಕ್ಕ ಕುಂತ್ರ ಕೆಳಗ. ವ್ಯತ್ಯಾಸ ಇಷ್ಟ.

ನೀರಾಗ ಹೋದ ಮ್ಯಾಲ ತ್ರಾಸ ಕಡಿಮಿ ರೀ. ತ್ರಾಸ ಇರೋದು ದಂಡ್ಯಾಗ. ರೋಡಿನಿಂದ ನೀರಿಗೆ ಇಳಿಯೂ ಆ ನಾಕು ಮಾರು ಜಾಗಾ ಹಿಂದಿನ ದಿನ ಹೋಗಿ ನೋಡಿ ಬರ್ರಿ. ಬಂಡಿಗಲ್ಲಿನ ಮ್ಯಾಲಿಂದ ಏರಸೂ ಜಾಗಾ ಆರಿಸಬ್ಯಾಡ್ರಿ, ನೀರಿನ ಅಂಚಿಗೆ ಪಾಚಿ ಇರತೈತಿ. ಮಣ್ಣು, ಗರಸು ಇದ್ದು ಇಳಿಜಾರು ಕಡಿಮಿ ಇರೂ ಕಡೆ ಹಿಡೀರಿ. ಕಾಲವಿ ನೀರಿನ ಮ್ಯಾಲ ಕೆರಿ ಏರತೈತಿ ಇಳಿತೈತಿ, ಹೋದ ವಾರ ಚಲೋ ಇದ್ದ ಜಾಗಾ ಈ ವಾರ ಕೆಸರಾಗಿರಬಹುದು.

ಹರಗೋಲ ಅರ್ಧ ದಂಡಿಗೆ ಎಳೆದು ಹಾಕಿಸ್ರಿ, ಅರ್ಧ ನೀರಾಗ ಇರಲಿ. ಪೂರ್ತಿ ದಂಡ್ಯಾಗ ಇಟ್ಟು ಮಂದಿ ಕುಂದ್ರಿಸಿ ಆಮ್ಯಾಲ ನೂಕಿದ್ರ ತಳ ಕಲ್ಲಿಗೆ ತಿಕ್ಕಿ ಹರೀತೈತಿ. ಪೂರ್ತಿ ನೀರಾಗ ಬಿಟ್ರ ಏರಸೂವಾಗ ಜಾರಿ ಆಚಿಕ ಸರೀತೈತಿ. ಇಬ್ಬರು ಮೊಣಕಾಲುದ್ದ ನೀರಾಗ ನಿಂತು ಅಂಚು ಹಿಡೀಲಿ.

ಇನ್ನೊಂದು, ಮರೀಬ್ಯಾಡ್ರಿ. ಪ್ರವಾಸಿಗರು ಬಂದ್ರ ನಡು ಕೆರ್ಯಾಗ ಹರಗೋಲ ಗಿರ್ರನ ತಿರಗಸೂ ಚಟ ಐತಿ. ಏರೂಕಿಂತ ಮೊದಲ ಅಂಬಿಗಗ ಹೇಳ್ರಿ, ತಿರಗಸೂದು ಬ್ಯಾಡ ಅಂತ. ಸೊಂಟದಾಗ ಬಲ ಇಲ್ಲದವರು ಮೊದಲ ಸುತ್ತಿಗೇ ಅಂಚಿನ ಕಡೆ ಉರುಳ್ತಾರ, ಅವರು ಉರುಳಿದ ಕಡೆ ಹರಗೋಲ ವಾಲತೈತಿ.

ಎಂಟು ಮಂದಿ ಹಿಡಿಸೂ ಹರಗೋಲದಾಗ ನಾಕ ಮಂದಿ: ಅಂಬಿಗ, ನಿಮ್ಮವರು ಒಬ್ಬರು, ಹಿಡಿಯಾಕ ಇಬ್ಬರು. ಎರಡನೇ ಹರಗೋಲ ಖಾಲಿ ಬಗಲಾಗ ಬರಲಿ. ರೊಕ್ಕ ಡಬಲ್ ಆಗತೈತಿ, ಮೊದಲ ಮಾತಾಡಿಕೊಳ್ರಿ.

---

ಫಿಸಿಯೊ_ರಾಯಚೂರು ಉತ್ತರ:

ಮೇಲಿನವರು ಹೇಳಿದ್ದು ಸರಿ. ಎತ್ತುವ ವಿಧಾನ ನಾನು ಬರೆಯುತ್ತೇನೆ, ಹೆಚ್ಚಿನವರಿಗೆ ಪೆಟ್ಟಾಗುವುದು ಅಲ್ಲೇ.

ಕಂಕುಳಿಗೆ ಕೈ ಹಾಕಿ ಒಬ್ಬ, ಕಾಲು ಹಿಡಿದು ಇನ್ನೊಬ್ಬ ಎತ್ತುವುದು ನಮ್ಮಲ್ಲಿ ರೂಢಿ. ಭುಜದ ಕೀಲು ಸಡಿಲವಿದ್ದವರಿಗೆ ಅದು ಕೆಟ್ಟದ್ದು, ಹೊಟ್ಟೆ-ಬೆನ್ನಿನ ಸ್ನಾಯು ಕೆಲಸ ಮಾಡದ ಟಿ-4ನವರು ನಡುವೆ ಮಡಚಿಕೊಂಡು ಜಾರುತ್ತಾರೆ. ಇದಕ್ಕಿಂತ ಒಂದು ಗಟ್ಟಿ ಜಮಖಾನ ಒಳ್ಳೆಯದು. ಎರಡು ಮಡಿಕೆ ಮಾಡಿ, ಅವರು ಬೆಳಗ್ಗೆ ವೀಲ್‌ಚೇರ್‌ನಲ್ಲಿ ಕೂರುವ ಮೊದಲೇ ಕುಷನ್ ಮೇಲೆ ಹಾಸಿಬಿಡಿ, ಬೆನ್ನಿನ ಹಿಂದಕ್ಕೂ ಬರುವ ಹಾಗೆ. ನೆರಿಗೆ ಇರಬಾರದು, ಒಂದೇ ಒಂದು ನೆರಿಗೆ ಮೇಲೆ ಎರಡು ಗಂಟೆ ಕೂತರೂ ಚರ್ಮ ಕೆಂಪಾಗುತ್ತದೆ. ದಡಕ್ಕೆ ಬಂದ ಮೇಲೆ ಕುರ್ಚಿಯ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಎತ್ತಿ, ಕೈಪಟ್ಟಿ ತೆಗೆದಿಡಿ. ನಾಲ್ಕು ಜನ: ಇಬ್ಬರು ತೊಡೆಯ ಪಕ್ಕ, ಇಬ್ಬರು ಭುಜದ ಪಕ್ಕ. ಜಮಖಾನದ ಅಂಚನ್ನು ಮೈಗೆ ತಾಗುವವರೆಗೆ ಸುರುಳಿ ಸುತ್ತಿ ಹಿಡಿಯಬೇಕು, ತುದಿ ಹಿಡಿದರೆ ಜೋತುಬೀಳುತ್ತದೆ. ತಲೆಯ ಕಡೆ ಇರುವವರು ಎಣಿಸಲಿ, ಬೇರೆ ಯಾರೂ ಬಾಯಿ ಬಿಡುವುದು ಬೇಡ.

ಹರಿಗೋಲಿನ ಅಂಚು ಸಾಮಾನ್ಯವಾಗಿ ಕುರ್ಚಿಯ ಆಸನಕ್ಕಿಂತ ಎತ್ತರ, ಆಸನ ನೆಲದಿಂದ ಸುಮಾರು 50 ಸೆಂ.ಮೀ. ಅಂದರೆ ಅಂಚು ದಾಟಿಸುವಷ್ಟು ಮೇಲೆತ್ತಿ ಮತ್ತೆ ಒಳಗೆ ನೆಲದವರೆಗೆ ಇಳಿಸಬೇಕು. ದಂಡೆಯ ಕಡೆಗೆ ಅಂಚು ವಾಲುವಂತೆ ಒಬ್ಬರು ಒತ್ತಿ ಹಿಡಿದರೆ ಅರ್ಧ ಕೆಲಸ ಕಡಿಮೆ.

ಹತ್ತಿಸುವುದಕ್ಕಿಂತ ಇಳಿಸುವುದು ಕಷ್ಟ. ಹೋಗುವಾಗ ಉತ್ಸಾಹ ಇರುತ್ತದೆ, ಬರುವಾಗ ಎತ್ತುವವರ ಕೈ ಸೋತಿರುತ್ತದೆ. ನೆಲಮಟ್ಟದಿಂದ ಕುರ್ಚಿಯ ಮಟ್ಟಕ್ಕೆ ಒಂದೇ ಸಲ ಎತ್ತಬೇಡಿ. ಎರಡು ಟೊಮೆಟೊ ಕ್ರೇಟ್ ಬೋರಲು ಹಾಕಿ ಜೋಡಿಸಿ ಹಗ್ಗದಲ್ಲಿ ಬಿಗಿದು, ಮೇಲೆ ಹಲಗೆ, ಅದರ ಮೇಲೆ ಕುಷನ್ ಇಟ್ಟು ದಡದಲ್ಲಿ ಸಿದ್ಧ ಮಾಡಿಡಿ. ಹರಿಗೋಲಿನಿಂದ ಮೊದಲು ಕ್ರೇಟಿಗೆ, ಒಂದು ನಿಮಿಷ ಉಸಿರು ತೆಗೆದುಕೊಂಡು ಅಲ್ಲಿಂದ ಕುರ್ಚಿಗೆ. ಟಿ-10ನವರು ಕೈಯ ಬಲದಿಂದ ಈ ಮೆಟ್ಟಿಲನ್ನು ತಾವೇ ಏರಬಲ್ಲರು. ಅವರನ್ನು ಕೇಳದೆ ಎತ್ತಬೇಡಿ.

ಪೋಲಿಯೊ ಇರುವವರದು ಬೇರೆ ಲೆಕ್ಕ. ನಿಂತು ಅಂಚು ದಾಟಲು ಹೋಗಲೇಬಾರದು. ಇದೇ ಕ್ರೇಟಿನ ಮೇಲೆ ಕೂತು ಕ್ಯಾಲಿಪರ್ ಬಿಚ್ಚಲಿ, ಆಮೇಲೆ ಅಂಚಿನ ಮೇಲೆ ದಪ್ಪ ಕಂಬಳಿ ಹಾಕಿ ಕೂತುಕೊಂಡೇ ಒಳಗೆ ಸರಿಯಲಿ. ಕ್ಯಾಲಿಪರ್ ಹಾಕಿಕೊಂಡು ನೀರಿಗೆ ಬಿದ್ದರೆ ಕಬ್ಬಿಣದ ಭಾರ ಕಾಲನ್ನು ಎಳೆಯುತ್ತದೆ, ಹಾಗೆಯೇ ಅದರ ತುದಿ ತಾಡಪಾಲನ್ನು ಸೀಳುತ್ತದೆ. ಬಿಚ್ಚಿದ ಕ್ಯಾಲಿಪರನ್ನು ನೆರಳಲ್ಲಿಡಿ.

ಒಳಗೆ ಕೂರಿಸುವುದಕ್ಕೆ ಎರಡಡಿ ಚೌಕದ 12 ಮಿ.ಮೀ. ಪ್ಲೈವುಡ್ ತುಂಡು ಸಾಕು. ಮೂಲೆಗಳನ್ನು ದುಂಡಗೆ ಉಜ್ಜಿಸಿ. ಅದರ ಮೇಲೆ ಅವರದೇ ಕುಷನ್, ನೀರು ತಾಗದಂತೆ ಪ್ಲಾಸ್ಟಿಕ್ ಸುತ್ತಿ. ಹಿಮ್ಮಡಿ ಬರಿ ಬಿದಿರಿನ ಗಂಟಿನ ಮೇಲೆ ಬೀಳಬಾರದು, ಕಣಕಾಲಿನ ಕೆಳಗೆ ಟವೆಲ್ ಸುರುಳಿ ಇಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡಿ. ಟಿ-4ನವರ ಹಿಂದೆ ಒಬ್ಬರು ಕಾಲು ಅಗಲಿಸಿ ಕೂತು ಎದೆಗೆ ಒರಗಿಸಿಕೊಳ್ಳಲಿ. ಅಂಚಿಗೆ ಒರಗಿಸಬೇಡಿ. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ನಡುವೆ ಒಮ್ಮೆ ಮುಂದಕ್ಕೆ ಬಾಗಿಸಿ ಕೂತ ಜಾಗದ ಭಾರ ತಪ್ಪಿಸಿ.

ನಮ್ಮ ಕಡೆ ಯಾರೂ ಗಮನಿಸದ ಅಪಾಯ ಅಂದರೆ ಬಂಡೆ. ಡಿಸೆಂಬರ್ ಆದರೂ ಹನ್ನೆರಡು ಗಂಟೆಗೆ ಬಂಡೆ ಕಾದಿರುತ್ತದೆ. ಫೋಟೊಗೆ ಅಂತ ಬಂಡೆಯ ಮೇಲೆ ಕೂರಿಸುತ್ತಾರೆ, ಸ್ಪರ್ಶ ಇಲ್ಲದ ತೊಡೆ ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ, ರಾತ್ರಿ ಬಟ್ಟೆ ಬದಲಿಸುವಾಗ ಗುಳ್ಳೆ ಕಾಣುತ್ತದೆ. ಆ ಹುಣ್ಣು ಮಾಯಲು ತಿಂಗಳುಗಳು ಬೇಕು.

ಟಿ-4ನವರಿಗೆ ಇನ್ನೆರಡು ಮಾತು. ಪೆಟ್ಟಿನ ಮಟ್ಟದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಸ್ಪ್ರೇ ಬಾಟಲಿಯಲ್ಲಿ ನೀರು, ಟೋಪಿ ಇರಲಿ. ಟಿ-6 ಮತ್ತು ಅದಕ್ಕಿಂತ ಮೇಲಿನ ಪೆಟ್ಟಿನವರಿಗೆ ಮೂತ್ರಕೋಶ ತುಂಬಿದರೆ, ಮೂತ್ರದ ಕೊಳವೆ ಮಡಚಿಕೊಂಡರೆ ಅಥವಾ ಜಾಕೆಟ್ ಪಟ್ಟಿ ಬಿಗಿಯಾದರೆ ರಕ್ತದೊತ್ತಡ ಧಿಡೀರನೆ ಏರಬಹುದು. ತಲೆ ಸಿಡಿಯುವ ನೋವು, ಮುಖ ಕೆಂಪೇರಿ ಬೆವರು, ಇದೇ ಗುರುತು. ಮಲಗಿಸಬಾರದು. ನೆಟ್ಟಗೆ ಕೂರಿಸಿ, ಪಟ್ಟಿ ಸಡಿಲಿಸಿ, ಕೊಳವೆ ನೋಡಿ, ದಡಕ್ಕೆ ಬನ್ನಿ. ಒತ್ತಡ, ನೋವು ಇಳಿಯದಿದ್ದರೆ ತಕ್ಷಣ ಆಸ್ಪತ್ರೆ. ಹೊರಡುವ ಮುಂಚೆ ಮೂತ್ರದ ಚೀಲ ಖಾಲಿ ಮಾಡಿಸುವುದು ಕಡ್ಡಾಯ.

---

ಗಾಲಿ_ಗಂಗಾವತಿ:

ಬಹಳ ಉಪಕಾರ. ಜಮಖಾನ, ಕ್ರೇಟು ನಮಗೆ ಹೊಳೆದೇ ಇರಲಿಲ್ಲ. ಜಾಕೆಟ್ ವಿಷಯ ಬಾಕಿ ಉಳಿಯಿತು. ಅಲ್ಲಿ ಕೊಡುವ ಕೇಸರಿ ಬಣ್ಣದ್ದು ಸಾಕಾ?

---

ಅಳತೆಪಟ್ಟಿ ಉತ್ತರ:

ಒಳಗೆ ಏನು ಬರೆದಿದೆ ನೋಡಿ. ಜಾಕೆಟ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 12402 ಪ್ರಕಾರ, ತೇಲಿಸುವ ಬಲದ ಮೇಲೆ 50 ನ್ಯೂಟನ್, 100, 150, 275 ಅಂತ ದರ್ಜೆಗಳಿವೆ. 50 ಅಂದರೆ ಈಜು ಬರುವವರಿಗೆ ಆಸರೆ, ಅಷ್ಟೇ. ಬೋರಲು ಬಿದ್ದವರನ್ನು ಅದು ತಿರುಗಿಸುವುದಿಲ್ಲ. ನಿಮ್ಮವರಿಗೆ ಕತ್ತಿನ ಹಿಂದೆ ಕಾಲರ್ ಇರುವ 150ರದ್ದು ಬೇಕು, ತೊಡೆಯ ನಡುವೆ ಬರುವ ಪಟ್ಟಿ ಸಮೇತ. ಆ ಪಟ್ಟಿ ಇಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ಮೇಲೇರಿ ಮುಖ ಮುಚ್ಚುತ್ತದೆ. ಪರೀಕ್ಷೆ ಸುಲಭ: ಹಾಕಿದ ಮೇಲೆ ಎರಡೂ ಭುಜದ ಕಡೆ ಹಿಡಿದು ಮೇಲಕ್ಕೆ ಎಳೆಯಿರಿ, ಕಿವಿಯವರೆಗೆ ಬಂದರೆ ಸಡಿಲ. ಕೂತವರಿಗೆ ಕೂತೇ ಹಾಕಿ ನೋಡಬೇಕು. ನಿಂತವರ ಅಳತೆಯದ್ದು ಕೂತಾಗ ಗದ್ದಕ್ಕೆ ಬಂದು ಒತ್ತುತ್ತದೆ. ಬಲವಿಲ್ಲದ ಕಾಲು ಬೇರೆ ರೀತಿ ತೇಲುವುದರಿಂದ, ಸಾಧ್ಯವಾದರೆ ಮೊದಲು ಈಜುಕೊಳದಲ್ಲಿ ಒಮ್ಮೆ ತೇಲಿಸಿ ನೋಡಿ. ಹೊಳೆಯಲ್ಲಿ ಮಾತ್ರ ಈ ಪ್ರಯೋಗ ಬೇಡ, ತುಂಗಭದ್ರೆಯಲ್ಲಿ ಮೊಸಳೆ ಇವೆ.

ಇನ್ನು ಮನವಿ. ಸುಮ್ಮನೆ "ರ‍್ಯಾಂಪ್ ಕೊಡಿ" ಅಂತ ಬರೆದರೆ ಮೆಟ್ಟಿಲಿನ ಪಕ್ಕ ಒಂದು ಹೊಳೆಯುವ ಟೈಲ್ಸ್ ಇಳಿಜಾರು ಮಾಡಿ ಫೋಟೊ ತೆಗೆದು ಬಿಲ್ ಮಾಡುತ್ತಾರೆ. ಅಂಕಿ ಸಮೇತ ಬರೆಯಿರಿ. ಇಳಿಜಾರು 1:12, ಅಂದರೆ ಒಂದಡಿ ಇಳಿಯಲು ಹನ್ನೆರಡು ಅಡಿ ಉದ್ದ. ಅಗಲ ಕನಿಷ್ಠ 1.2 ಮೀಟರ್. 75 ಸೆಂ.ಮೀ. ಇಳಿದ ಮೇಲೆ, ಅಂದರೆ 9 ಮೀಟರಿಗೊಮ್ಮೆ, ಒಂದೂವರೆ ಮೀಟರ್ ಸಮತಟ್ಟು. ಎರಡೂ ಕಡೆ ಕೈಹಿಡಿ, ಅಂಚಿಗೆ ಗಾಲಿ ಜಾರದಂತೆ ಕಟ್ಟೆ. ಮೇಲ್ಮೈ ಕಾಂಕ್ರೀಟ್, ಪೊರಕೆಯಲ್ಲಿ ಅಡ್ಡಡ್ಡ ಗೀರು ಎಳೆದದ್ದು. ಟೈಲ್ಸ್ ಬೇಡವೇ ಬೇಡ ಅಂತ ಪ್ರತ್ಯೇಕವಾಗಿ ಬರೆಯಿರಿ.

ಆದರೆ ಕೆರೆಗೆ ಇದಿಷ್ಟೇ ಸಾಲದು. ನೀರಿನ ಮಟ್ಟ ಬದಲಾಗುತ್ತದೆ, ಕಾಂಕ್ರೀಟ್ ಬದಲಾಗುವುದಿಲ್ಲ. ನೀರು ಎರಡು ಮೀಟರ್ ಇಳಿದರೆ ರ‍್ಯಾಂಪಿನ ತುದಿ ಗಾಳಿಯಲ್ಲಿ ನಿಂತಿರುತ್ತದೆ. ಅದಕ್ಕೆ ತೇಲುವ ಕಟ್ಟೆ ಬೇಕು, ದಡದಿಂದ ಅದಕ್ಕೆ ಕೀಲು ಇರುವ ಸೇತುವೆ. ಇಲ್ಲೇ ಎಲ್ಲರೂ ಎಡವುವುದು: ಸೇತುವೆಯನ್ನು 6 ಮೀಟರ್ ಮಾಡುತ್ತಾರೆ. ನೀರು ತುಂಬಿದಾಗ ಚೆಂದ, ಎರಡು ಮೀಟರ್ ಇಳಿದಾಗ ಅದು 1:3 ಇಳಿಜಾರು, ವೀಲ್‌ಚೇರ್ ಧುಮುಕುತ್ತದೆ. ಎರಡು ಮೀಟರಿಗೆ 1:12 ಬೇಕೆಂದರೆ 24 ಮೀಟರ್ ಸೇತುವೆ. ಅಷ್ಟು ದುಡ್ಡಿಲ್ಲವೆಂದರೆ ದಡದಲ್ಲಿ ಬೇರೆ ಬೇರೆ ಮಟ್ಟಕ್ಕೆ ಎರಡು-ಮೂರು ಕಟ್ಟೆ ಮಾಡಿ, ಸೇತುವೆಯನ್ನು ನೀರಿನ ಜೊತೆ ಒಂದರಿಂದ ಇನ್ನೊಂದಕ್ಕೆ ಸ್ಥಳಾಂತರಿಸಬಹುದು.

ತೇಲುವ ಕಟ್ಟೆಗೆ ಎಚ್‌ಡಿಪಿಇ ಪ್ಲಾಸ್ಟಿಕ್ ಕ್ಯೂಬ್ ಸಿಗುತ್ತವೆ. ಒಂದೊಂದು ಸುಮಾರು 50×50 ಸೆಂ.ಮೀ., ಎತ್ತರ 40. ಚದರ ಮೀಟರಿಗೆ ನಾಲ್ಕು, ಹೊರುವುದು ಹತ್ತಿರ ಹತ್ತಿರ 350 ಕೆ.ಜಿ. 3×4 ಮೀಟರ್ ಕಟ್ಟೆಗೆ 48 ಕ್ಯೂಬ್. ಲೆಕ್ಕಕ್ಕೆ 4,200 ಕೆ.ಜಿ. ಬಂತು ಅಂತ ಐವತ್ತು ಜನರನ್ನು ನಿಲ್ಲಿಸಬೇಡಿ, ಎಲ್ಲರೂ ಫೋಟೊಗೆ ಒಂದೇ ಅಂಚಿಗೆ ಬಂದರೆ ಆ ಕಡೆ ಮುಳುಗುತ್ತದೆ. ಮೂರರಲ್ಲಿ ಒಂದು ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಅಗಲ ಎರಡೂವರೆ ಮೀಟರಿಗಿಂತ ಕಡಿಮೆ ಮಾಡಿದರೆ ವೀಲ್‌ಚೇರ್ ಒಂದು ಪಕ್ಕಕ್ಕೆ ಬಂದಾಗ ವಾಲುತ್ತದೆ. ಖಾಲಿ ಕಟ್ಟೆಯ ಮೇಲ್ಮೈ ನೀರಿನಿಂದ ಸುಮಾರು 37 ಸೆಂ.ಮೀ. ಎತ್ತರ ಇರುತ್ತದೆ. ದೋಣಿಯ ಅಟ್ಟವೂ ಅದೇ ಎತ್ತರದ್ದಿರಬೇಕು. ಎರಡು ಕೊಳವೆಯ ಮೇಲೆ ಚಪ್ಪಟೆ ಅಟ್ಟ ಇರುವ ಪಾಂಟೂನ್ ದೋಣಿಯೇ ಇದಕ್ಕೆ ಸರಿ, ಅದರಲ್ಲಿ ಕುರ್ಚಿ ಸಮೇತ ಹೋಗಬಹುದು. ದೋಣಿಗೆ ಮೋಟಾರ್ ಇದ್ದರೆ ಒಳನಾಡು ಹಡಗುಗಳ ಕಾಯ್ದೆ 2021ರಂತೆ ನೋಂದಣಿ, ತಪಾಸಣೆ ಪ್ರಮಾಣಪತ್ರ ಕೇಳಿ.

ಮನವಿಯಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 29ನೇ ಕಲಂ ಉಲ್ಲೇಖಿಸಿ. ಸಾಂಸ್ಕೃತಿಕ ಜೀವನ, ಮನರಂಜನೆಯಲ್ಲಿ ಸಮಾನ ಅವಕಾಶ ಕೊಡುವ ಹೊಣೆ ಸರ್ಕಾರದ್ದು ಮತ್ತು ಸ್ಥಳೀಯ ಸಂಸ್ಥೆಗಳದ್ದು ಅಂತ ಅದರಲ್ಲೇ ಇದೆ. ವಿಕಲಚೇತನರಿಗೆಂದು ಪಂಚಾಯಿತಿ ಮೀಸಲಿಡುವ ಶೇ. 5ರ ಅನುದಾನದ ಬಗ್ಗೆ ನಿಮ್ಮ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹತ್ತಿರ ಕೇಳಿ.

---

ಗಾಲಿ_ಗಂಗಾವತಿ:

ಪಾಂಟೂನ್‌ನಲ್ಲಾದರೆ ಕುರ್ಚಿಯನ್ನು ಕಟ್ಟಬಹುದಾ? ಮೇಲೆ ಕಟ್ಟಬಾರದು ಅಂದಿದ್ದಾರಲ್ಲ.

---

ಅಳತೆಪಟ್ಟಿ:

ಕುರ್ಚಿಯನ್ನು ದೋಣಿಗೆ ಕಟ್ಟಬೇಕು, ಮನುಷ್ಯನನ್ನು ಕುರ್ಚಿಗೆ ಕಟ್ಟಬಾರದು. ಅಟ್ಟದ ಕಬ್ಬಿಣದ ಬಳೆಗಳಿಗೆ ನಾಲ್ಕು ಮೂಲೆಯಿಂದ ಪಟ್ಟಿ, ಕುರ್ಚಿಯ ಚೌಕಟ್ಟಿಗೆ. ಗಾಲಿಗೋ ಕಾಲಿನ ಪಟ್ಟಿಗೋ ಕಟ್ಟಿದರೆ ಕಿತ್ತು ಬರುತ್ತದೆ. ಬರೀ ಬ್ರೇಕ್ ನಂಬಬೇಡಿ, ಒದ್ದೆ ಟೈರಿನ ಮೇಲೆ ಅದು ಹಿಡಿಯುವುದಿಲ್ಲ. ಬ್ಯಾಟರಿ ಕುರ್ಚಿ ಇದ್ದರೆ ಅದೊಂದೇ ನೂರು ಕೆ.ಜಿ. ದಾಟಬಹುದು, ಅಟ್ಟದ ನಡುವೆಯೇ ನಿಲ್ಲಿಸಿ.

---

ಫಿಸಿಯೊ_ರಾಯಚೂರು:

ಸಣ್ಣ ತಿದ್ದುಪಡಿ. ಟಿ-4ನವರು ಬೆಲ್ಟ್ ಇಲ್ಲದೆ ಕುರ್ಚಿಯಲ್ಲಿ ಕೂತರೆ ದೋಣಿ ನಿಂತಾಗ ಮುಂದಕ್ಕೆ ಮುಗ್ಗರಿಸುತ್ತಾರೆ. ಎದೆಗೆ ವೆಲ್ಕ್ರೊ ಪಟ್ಟಿ ಹಾಕಬಹುದು, ಜಾಕೆಟ್ಟಿನ ಮೇಲೆ, ಅದರ ತುದಿ ಜೊತೆಗಾರರ ಕೈಯಲ್ಲಿರಬೇಕು. ಒಂದು ಎಳೆತಕ್ಕೆ ಬಿಚ್ಚಬೇಕು. ಗಂಟು, ಬಕಲ್ ಯಾವುದೂ ಬೇಡ. ದಡದಲ್ಲಿ ಐದಾರು ಸಲ ಬಿಚ್ಚಿ ನೋಡಿದ ಮೇಲೆಯೇ ಹೊರಡಿ.

---

ಬಿಳಿಕೋಲು ಉತ್ತರ:

ಕಣ್ಣು ಕಾಣದವರ ಬಗ್ಗೆ ಯಾರೂ ಬರೆದಿಲ್ಲ. ಅವರನ್ನು ಎತ್ತಬೇಡಿ, ಎಳೆಯಬೇಡಿ. ಮೊದಲು ಹರಿಗೋಲಿನ ಅಂಚನ್ನು ಕೈಯಿಂದ ಸುತ್ತಲೂ ಮುಟ್ಟಿಸಿ, ತಳವನ್ನೂ ಮುಟ್ಟಿಸಿ. ದುಂಡಗಿನ ದೋಣಿ ಮುಟ್ಟಿ ನೋಡದವರಿಗೆ ಮುಂದೆ ಹಿಂದೆ ತಿಳಿಯುವುದೇ ಇಲ್ಲ. "ಇಲ್ಲಿ", "ಆ ಕಡೆ" ಅನ್ನಬೇಡಿ, ಗಡಿಯಾರದ ಲೆಕ್ಕ ಹೇಳಿ: ಮೂರು ಗಂಟೆಗೆ ದೊಡ್ಡ ಬಂಡೆ, ಹನ್ನೊಂದಕ್ಕೆ ಬೆಟ್ಟ. ಹರಿಗೋಲು ತಾನಾಗೇ ತಿರುಗುವುದರಿಂದ ಐದೈದು ನಿಮಿಷಕ್ಕೆ ಗಡಿಯಾರ ಬದಲಾಯಿತು ಅಂತ ಹೇಳುತ್ತಿರಬೇಕು. ಕೋಲು ಮಡಚಿ ಅವರ ಕೈಯಲ್ಲೇ ಇರಲಿ, ತೆಗೆದುಕೊಂಡು ಬೇರೆಡೆ ಇಡಬೇಡಿ. ಬಂಡೆಗಳ ನಡುವೆ ಹೋದಾಗ ಹುಟ್ಟಿನ ಸದ್ದು ತಿರುಗಿ ಬರುತ್ತದೆ. ಅಲ್ಲಿ ಎರಡು ನಿಮಿಷ ಎಲ್ಲರೂ ಮಾತು ನಿಲ್ಲಿಸಿ.

ಕಿವಿ ಕೇಳದವರನ್ನು ಅಂಬಿಗನಿಗೆ ಎದುರಾಗಿ ಕೂರಿಸಿ. ಮೂರು ಸನ್ನೆ ಮೊದಲೇ ಮಾತಾಡಿಕೊಳ್ಳಿ: ಅಲುಗಬೇಡ, ಅಂಚು ಬಿಡು, ದಡಕ್ಕೆ ಹೋಗೋಣ. ಬಿಸಿಲು ಅಂಬಿಗನ ಬೆನ್ನ ಹಿಂದೆ ಇದ್ದರೆ ಅವನ ಮುಖ, ಕೈ ಕಪ್ಪಾಗಿ ಕಾಣುತ್ತದೆ, ಕೂರುವ ಜಾಗ ಬದಲಿಸಿ.

---

ಹುಟ್ಟು:

ಬೆಳಗ್ಗೆ ಎಂಟರಿಂದ ಹತ್ತರ ಒಳಗ ಮುಗಸ್ರಿ. ಆಮ್ಯಾಲ ಗಾಳಿ ಏಳತೈತಿ, ಜೊತಿಗೆ ಹಂಪಿ ಕಡಿಂದ ಮಂದಿ ಬರತಾರ, ನಿಮಗ ದಂಡಿ ಜಾಗಾ ಸಿಗಂಗಿಲ್ಲ. ಆಷಾಢದಾಗ ಕೇಳಿದ್ರ ಬ್ಯಾಡ ಅಂತಿದ್ದೆ, ಆ ಗಾಳಿಗೆ ಹರಗೋಲ ನಿಲ್ಲಂಗಿಲ್ಲ.

ಕೆರ್ಯಾಗ ಆಗಲಿಲ್ಲ ಅಂದ್ರ ಹೊಳಿ ಕಡೆ ಹೋಗಬ್ಯಾಡ್ರಿ. ಹಂಪ್ಯಾಗ ವಿರೂಪಾಕ್ಷ ಗುಡಿ ಬಾಜುಕ ನೀರಿಗೆ ಇಳಿಯೂದು ಮೆಟ್ಲ ಮ್ಯಾಲ, ಹೊಳ್ಯಾಗ ಸೆಳವು ಬ್ಯಾರೆ, ಡ್ಯಾಮಿನಿಂದ ಜಾಸ್ತಿ ನೀರು ಬಿಟ್ರ ಹರಗೋಲ ಬಂದ್ ಮಾಡ್ತಾರ. ಹೊಳಿ ನೋಡಬೇಕು ಅನ್ನೂರಿಗೆ ಕಡೇಬಾಗಿಲ ಸೇತುವಿ ಮ್ಯಾಲ ಗಾಡಿ ನಿಧಾನ ಹೊಡಿಸ್ರಿ, ಕಿಟಕ್ಯಾಗಿಂದ ಎರಡೂ ಕಡೆ ಕಾಣತೈತಿ.

ಮತ್ತ ಆ ಕ್ರೇಟು ನೀವ ತರ್ರಿ, ಅಲ್ಲಿ ಸಿಗಂಗಿಲ್ಲ. ಜೊತಿಗೆ ಹದಿನೈದು ಮೀಟರ್ ತೇಲೂ ಹಗ್ಗ. ನೈಲಾನ್ ಮುಳಗತೈತಿ, ಹಳದಿ ಪ್ಲಾಸ್ಟಿಕ್ ಹಗ್ಗ ತೇಲತೈತಿ.